ಇಲ್ಲಿ ಮಾತು ಬೇಡ

ದೋಣಿ ಕೊಂಡಾಗ ಜೊತೆಗೆ ಬಂದದ್ದು
ತುಕ್ಕು ಹಿಡಿದ ಲಂಗರು, ತೇಪೆಯ ಹಾಯಿ,
ಗಂಟಲು ಕೆರೆದುಕೊಂಡೇ ಏಳುವ ಹಳೇ ಎಂಜಿನ್ನು,
ಮತ್ತೆ ಈ ನಕ್ಷೆ.
ಅಂಚಿನ ತುಂಬ ಯಾರದೋ ಪೆನ್ಸಿಲ್ ಅಕ್ಷರ,
ಇರುವೆ ಸಾಲಿನ ಹಾಗೆ.
ಯಾರದೆಂದು ದಲ್ಲಾಳಿ ಹೇಳಲಿಲ್ಲ, ನಾವೂ ಕೇಳಲಿಲ್ಲ.

ತುರ್ಕುವಿನಿಂದಾಚೆ ದ್ವೀಪಗಳೆಂದರೆ
ಕೈತಪ್ಪಿ ಚೆಲ್ಲಿದ ಹುರಿಗಡಲೆ. ಎಣಿಸಲು ಹೊರಟವರು
ಸಂಜೆಗೆ ಮತ್ತೆ ಒಂದರಿಂದ ಶುರುಮಾಡುತ್ತಾರೆ.
ನಾವು ಎಣಿಸುವುದಿಲ್ಲ. ನಾಲ್ಕು ನಾಟ್ ವೇಗ;
ಪಕ್ಕದಲ್ಲೇ ಹಾದುಹೋದ ಹಂಸದ ಸಂಸಾರ
ತಿರುಗಿಯೂ ನೋಡಲಿಲ್ಲ.
ಇಲ್ಪೊ ಚುಕ್ಕಾಣಿಯಲ್ಲಿ, ಕಾಲ್ಚೀಲ ಬಿಚ್ಚಿ.
ನಾನು ಮುಂದೆ, ಮೊಣಕಾಲ ಮೇಲೆ ನಕ್ಷೆ ಹರಡಿ
ಗಟ್ಟಿಯಾಗಿ ಓದುತ್ತೇನೆ:

"ಈ ಬಂಡೆ ನಕ್ಷೆಯಲ್ಲಿಲ್ಲ. ಇದೆ. ನಂಬಿ."

ನಂಬಿ ಎಡಕ್ಕೆ ಸರಿದೆವು.
ಒಂದು ಮೊಳ ನೀರಿನಡಿ
ಮಲಗಿದ ಎಮ್ಮೆಯ ಬೆನ್ನಿನಂಥದು ಮೆಲ್ಲಗೆ ಹಾದುಹೋಯಿತು.
ಇಬ್ಬರೂ ಉಸಿರು ಬಿಟ್ಟೆವು, ಒಟ್ಟಿಗೆ.

"ಇಲ್ಲಿ ಬ್ಲೂಬೆರಿ. ಆಗಸ್ಟ್ ಎರಡನೇ ವಾರ. ಯಾರಿಗೂ ಹೇಳಬೇಡಿ."
"ಈ ಮನೆಯ ನಾಯಿ ಬೊಗಳುತ್ತದೆ, ಯಜಮಾನ ಅದಕ್ಕಿಂತ."
ನಾಯಿ ಈಗಿಲ್ಲ. ಯಜಮಾನ ಇದ್ದ.

ಆಮೇಲೆ, ಎರಡು ದ್ವೀಪದ ನಡುವೆ
ಓರೆ ಮಾಡಿದ ಬಾಗಿಲಿನಷ್ಟೇ ನೀರು. ಅಲ್ಲಿ
ಎರಡೆರಡು ಅಡಿಗೆರೆ ಎಳೆದು:
"ಇಲ್ಲಿ ಮಾತು ಬೇಡ."

ಇಲ್ಪೊ ಎಂಜಿನ್ ಆರಿಸಿದ, ಹುಟ್ಟು ಎತ್ತಿಕೊಂಡ.
ಯಾಕೆಂದು ಕೇಳಲೂ ಮಾತೇ ಬೇಕಲ್ಲ.
ಪೈನ್ ಮರಗಳ ನೆರಳು ದೋಣಿ ಹತ್ತಿ ಇಳಿಯಿತು.
ಹುಟ್ಟಿನ ತುದಿಯಿಂದ ಹನಿ. ಇನ್ನೊಂದು ಹನಿ.
ಯಾರೋ ಮುಳುಗಿರಬಹುದು ಇಲ್ಲಿ ಎಂದುಕೊಂಡೆ,
ಇಲ್ಲವೆ ಯಾರೋ ಯಾರಿಗೋ ಹೂಂ ಅಂದಿರಬಹುದು.
ಅವನ ಮುಖದಲ್ಲೂ ಅದೇ ಲೆಕ್ಕ ನಡೆದಿತ್ತು.

ಮಧ್ಯಾಹ್ನಕ್ಕೆ ಮರೀನಾ.
ಮದುವೆಮನೆ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ಹಾಗೆ
ಒತ್ತೊತ್ತಾಗಿ ಬಿಳಿ ದೋಣಿಗಳು.
ಹಗ್ಗ ಹಿಡಿದ ಪಿನ್ಯಾ, ಬೇಸಿಗೆ ರಜೆಯ ಕೆಲಸದ ಹುಡುಗಿ,
ಡೀಸೆಲ್ ತುಂಬಿಸುತ್ತ ದೋಣಿಯ ಹೆಸರು ಓದಿ ನಕ್ಕಳು:
"ಕುಯಿಕ್ಕಾ! ಹೆಲ್ವಿ ಅಜ್ಜಿಯ ದೋಣಿ.
ಅಲ್ಲೇ ಕೆಫೆಯಲ್ಲಿದ್ದಾಳೆ. ಮೊಣಕಾಲು ಕೈಕೊಟ್ಟಿದೆ, ಬಾಯಲ್ಲ."

ಕೆಂಪು ರಬ್ಬರ್ ಬೂಟು, ಮುಂದೆ ಏಲಕ್ಕಿ ಬನ್ನು.
ಮೊದಲ ಪ್ರಶ್ನೆ ಅವಳದೇ: "ಬಂಡೆ ತಗುಲಿತಾ?"
ಇಲ್ಲ, ನಿಮ್ಮ ದಯೆ, ಎಂದ ಇಲ್ಪೊ.
"ನನಗೆ ತಗುಲಿತ್ತು. ಎಪ್ಪತ್ತೆಂಟರಲ್ಲಿ.
ಹೊಸ ಬಣ್ಣ ಬಳಿದ ಮಾರನೇ ದಿನ."

ತಡೆಯಲಾರದೆ ಕೇಳಿದೆ, ಇಗರ್ಜಿಯೊಳಗಿನ ದನಿಯಲ್ಲಿ:
ಮಾತು ಬೇಡ ಅಂತ ಬರೆದಿದ್ದೀರಲ್ಲ, ಅಲ್ಲಿ ಏನಾಗಿತ್ತು?

ಅಗಿಯುವುದು ನಿಲ್ಲಿಸಿ ನೆನಪು ತಡವಿದಳು.
"ಓ ಅದಾ! ಅದು ನಿಮಗಲ್ಲ, ನನ್ನ ಗಂಡನಿಗೆ.
ಆ ಸಂದಿಗೆ ಬಂದರೆ ಸಾಕು, ಪಿಸ್ಟನ್ನಿನ ಪುರಾಣ.
ಸದ್ದು ಬಂಡೆಗೆ ಬಡಿದು ವಾಪಸ್ಸು ಬರುತ್ತಲ್ಲ,
ಎದೆಬಡಿತ ಕೇಳುವ ಡಾಕ್ಟರನ ಹಾಗೆ ಕೂರೋನು."
ಬನ್ನಿನ ಸಕ್ಕರೆ ಬೆರಳಲ್ಲಿ ಒತ್ತಿ ತಿಂದಳು.
"ಎರಡು ಗೆರೆ ಇದೆಯಲ್ಲ? ಎರಡನೆಯದು ಅವನದು.
ನನ್ನ ಮಾತಿನಲ್ಲಿ ಅವನಿಗೆ ಎಂಜಿನ್ ಕೇಳುತ್ತಿರಲಿಲ್ಲವಂತೆ."

ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ನಕ್ಕೆವು.
ಹೊರಡುವಾಗ ಪೆನ್ಸಿಲ್ ಚಾಚಿದೆ. ಮುಟ್ಟಲಿಲ್ಲ.
"ಇನ್ನು ನಿಮ್ಮ ಕೈಬರಹ."

ಜೂನಿನ ಸಂಜೆ, ಹನ್ನೊಂದಾದರೂ ಮುಗಿಯದ ಬೆಳಕು.
"ಕಾಫಿ ಬರೀ ನೀರು" ಎಂಬ ಸಾಲು
ತಿದ್ದುವ ಅಗತ್ಯ ಬೀಳಲಿಲ್ಲ.
ನಾಯಿಯ ಕೆಳಗೆ ಮಾತ್ರ ಸೇರಿಸಿದೆ: "ಹೋಯಿತು ಪಾಪ."

ಸಂದಿ ಬಂತು. ಕಾರಣ ಈಗ ಗೊತ್ತು:
ಗಂಡ, ಹೆಂಡತಿ, ಪಿಸ್ಟನ್ನು, ಇಷ್ಟೇ.
ಆದರೂ ಇಲ್ಪೊನ ಕೈ ತಾನಾಗಿ ಗುಂಡಿಗೆ ಹೋಯಿತು.
ಎಂಜಿನ್ ಒಮ್ಮೆ ಕೆಮ್ಮಿ ಸುಮ್ಮನಾಯಿತು.
ನಾನು ಏನೋ ಹೇಳಬೇಕೆಂದಿದ್ದೆ, ರಾತ್ರಿಯ ಅಡುಗೆಯ ವಿಷಯ;
ಆ ನೀರು ದಾಟುವವರೆಗೆ
ಇಟ್ಟುಕೊಂಡೆ.