ಆರಾಮಾ?

ಬೈತಖೋಲದ ಐಸ್ ಫ್ಯಾಕ್ಟರಿಯ ಮಾಳಿಗೆಯಲ್ಲಿ
ಮೀನುಗಾರರ ಸೊಸೈಟಿಯ ಸರ್ವರ್ ರೂಮು.
ಕೆಳಗೆ ಮೀನಿಗೆ ತಂಪು, ಮೇಲೆ ಯಂತ್ರಕ್ಕೆ ತಂಪು,
ನಡುವಿನ ಮೆಟ್ಟಿಲಲ್ಲಿ ಮಾತ್ರ ಸೆಕೆ.

ನಿನಗಿಲ್ಲಿ ಏನು ಕೆಲಸ ಎಂದು ಕೇಳಿದ ವಾಚಮನ್
ಪುರ್ಸೋ ಗುನಗಿಗೆ ಹೀಗೆ ಹೇಳಿದ್ದೆ:
ನಲವತ್ತೊಂದು ಕಂಟೇನರು ನೋಡಿಕೊಳ್ಳುವುದು.
ಅವನು ಕಿಟಕಿಯಿಂದ ಬಂದರಿನತ್ತ ಬಗ್ಗಿದ.
ಅಲ್ಲಿಯವಲ್ಲ ಮಾರಾಯಾ,
ಇವಕ್ಕೆ ತೂಕವಿಲ್ಲ, ತುಕ್ಕೂ ಇಲ್ಲ.
ಒಂದೊಂದರ ಬಾಗಿಲಿಗೂ ಹತ್ತು ಸೆಕೆಂಡಿಗೊಮ್ಮೆ
ನನ್ನ ಸ್ಕ್ರಿಪ್ಟು ಹೋಗಿ ಕೇಳುತ್ತದೆ: ಆರಾಮಾ?
ಆರಾಮು, ಅನ್ನಬೇಕು.
ಮೂರು ಸಲ ಸುಮ್ಮನಿದ್ದರೆ ಅದನ್ನು ಕೊಂದು
ಅದೇ ಅಚ್ಚಿನಿಂದ ಇನ್ನೊಂದನ್ನು ಎಬ್ಬಿಸುತ್ತದೆ.
"ಸೂತಕ ಗೀತಕ ಇಲ್ವಾ?"
ಇಲ್ಲ. ಲಾಗಿನಲ್ಲಿ ಒಂದು ಸಾಲು.

ಅವನೂ ಮಾಡುವುದು ಅದನ್ನೇ.
ಗಂಟೆಗೊಮ್ಮೆ ಹಳಿಯ ತುಂಡಿಗೆ ಹೊಡೆದು
ಅಮೋನಿಯಾ ಪೈಪಿನ ಗೇಜಿಗೆ ಟಾರ್ಚು ಬಿಟ್ಟು
ಗೇಟಿನ ಬೀಗ ಎಳೆದು ನೋಡುತ್ತಾನೆ,
ಹಾಕಿದ್ದು ತಾನೇ ಆದರೂ.

ಬಂಗಡೆ ಬಿದ್ದ ವಾರ, ಅಮಾವಾಸ್ಯೆಯ ಹಿಂದಿನ ರಾತ್ರಿ
ಪರದೆ ತುಂಬ ಹಸಿರು.
ಒಂದು ಚುಕ್ಕಿಯೂ ಹಳದಿಗೆ ತಿರುಗಿರಲಿಲ್ಲ.
ಚಹಾಕ್ಕೆ ಹಾಲಿನ ಪುಡಿ ಹುಡುಕುತ್ತಿದ್ದೆ,
ಎರಡೂ ಐವತ್ತಕ್ಕೆ ಫೋನು.
ಮಾಜಾಳಿಯಿಂದ ಶೇವಂತಿ ತಾಂಡೇಲ.
"ಬಾಯೇ, ನಮ್ಮವರ ದೋಣಿ ನಿಮ್ಮ ಆ್ಯಪಿನಲ್ಲಿ
ಹನ್ನೆರಡೂವರೆಯಿಂದ ಒಂದೇ ಕಡೆ ನಿಂತದೆ.
ಲಂಗರು ಹಾಕೋ ಜಾಗ ಅಲ್ಲ ಅದು.
ಅಲ್ಲಿ ಬಂಡೆ ಇರೋದು."
ಎಲ್ಲ ಹಸಿರಿದೆ ಅಕ್ಕಾ, ಎಂದೆ.
"ಹಸಿರು ಅಂದ್ರೆ?"
ಆರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

ಒಳಹೊಕ್ಕು ನೋಡಿದರೆ
ದೋಣಿಗಳ ಜಾಗ ಬರೆದಿಡುವ ಕಂಟೇನರು
ಡಿಸ್ಕು ಉಬ್ಬಿ, ಬರೆಯುವುದು ಬಿಟ್ಟು
ಎರಡು ತಾಸಿನಿಂದ ಹೊಸ್ತಿಲಲ್ಲಿ ನಿಂತು
ಬಂದವರಿಗೆಲ್ಲ ಆರಾಮು, ಆರಾಮು ಅನ್ನುತ್ತಿದೆ.
ಎಂಟುನೂರ ಮೂವತ್ತನಾಲ್ಕು ಸಲ.
ಸುಳ್ಳಲ್ಲ.
ಬಾಗಿಲು ತೆರೆದಿದೆಯಾ ಅಂದಿದ್ದೆ, ತೆರೆದಿತ್ತು.
ಒಲೆ ಹೊತ್ತಿದೆಯಾ ಅಂದಿರಲಿಲ್ಲ.

ಹಳೆಯ ಲಾಗು ಅಳಿಸಿ ಜಾಗ ಮಾಡಿದೆ.
ನಕ್ಷೆಯ ಮೇಲೆ ಅರವತ್ತಮೂರು ದೋಣಿಗಳು
ಒಂದೇ ಏಟಿಗೆ ಜಿಗಿದವು,
ಬಂಡೆಯ ಮೇಲಿದ್ದದ್ದು ದೇವಗಡ ಲೈಟ್‌ಹೌಸಿನ ಪಡುವಲಿಗೆ
ಹನ್ನೊಂದು ಮೈಲು ಆಚೆ, ಬಲೆ ಎಳೆಯುತ್ತ.
ಶೇವಂತಿ ನನಗೇನೂ ಹೇಳಲಿಲ್ಲ.
ಪಕ್ಕದಲ್ಲಿದ್ದ ಯಾರಿಗೋ "ಆಸಾ" ಎಂದದ್ದು ಕೇಳಿಸಿತು.
ಇದೆಯೆಂದೋ, ಇದ್ದಾನೆಂದೋ.
ಅವರ ಮಾತಿನಲ್ಲಿ ಎರಡಕ್ಕೂ ಒಂದೇ ಶಬ್ದ.

ಬೆಳಗಾಗುವ ಮುಂಚೆ ಪ್ರಶ್ನೆ ತಿದ್ದಿದೆ.
ಕೊನೆಗೆ ಯಾವ ದೋಣಿ ಕಂಡೆ, ಎಷ್ಟು ಹೊತ್ತಿಗೆ?
ಒಂದು ಸಾಲು ಬರೆ. ಓದಿ ಹೇಳು. ಅಳಿಸು.
ಇಷ್ಟೆಲ್ಲ ಕೆದಕಿದರೆ ಯಂತ್ರಕ್ಕೂ ದಣಿವು,
ಹತ್ತು ಸೆಕೆಂಡನ್ನು ಮೂವತ್ತು ಮಾಡಿದೆ.
ಮಾಡಿದ ಮೇಲೆ ಎರಡು ಚುಕ್ಕಿ ಕೆಂಪಾದವು.
ಎಷ್ಟು ದಿನದಿಂದಲೋ, ಪಾಪ.

ಆರೂವರೆಗೆ ಪಾಳಿ ಮುಗಿಸಿ ಪುರ್ಸೋ ಹೊರಟ.
ತಲೆಗೆ ಸುತ್ತಿದ ಟವೆಲಿನೊಳಗೆ
ಎಡಗೆನ್ನೆ ಬಾತಿತ್ತು.
ಆರಾಮಾ, ಎಂದೆ. ಬಾಯಿಗೆ ಬಂದದ್ದು ಅದೇ.
ಆರಾಮು, ಎಂದ ಸೈಕಲ್ಲಿನ ಸ್ಟ್ಯಾಂಡು ಒದೆಯುತ್ತ.
ನಿಲ್ಲು.
ಕೊನೆಗೆ ಯಾವಾಗ ಉಂಡೆ, ಅಗಿದು?
ಅವನು ನಿಂತ,
ಒಂದು ಕಾಲು ಪೆಡಲಿನ ಮೇಲೆ,
ಒಂದು ಕಾಲು ಕರಗಿದ ಬರ್ಫಿನ ನೀರಿನಲ್ಲಿ,
ಬೆರಳು ಮಡಚಿ ಲೆಕ್ಕ ಹಾಕಿದ.
"ಮಂಗಳವಾರ..." ಎಂದು ಶುರುಮಾಡಿದ.