ನಿಕ್ಕಲ್ ಹಿಡಿಯುವ ಹೊತ್ತು

ಹನ್ನೊಂದು ಮುಕ್ಕಾಲು. ಕಾಮಾಕ್ಷಿಪಾಳ್ಯದ ನಮ್ಮ ಓಣಿಯಲ್ಲಿ
ಕೊನೆಯ ಲೇಥ್ ಮಷೀನು ಈಗಷ್ಟೇ ಬಾಯಿ ಮುಚ್ಚಿತು.
ಇನ್ನು ಹತ್ತೂಕಾಲು ಗಂಟೆ. ಪಾಠ ಹತ್ತು.
ರಸಾಯನಶಾಸ್ತ್ರದಲ್ಲಿ ನನಗೆ ತಪ್ಪದೆ ಬರುವ ಲೆಕ್ಕ ಇದೊಂದೇ.

ಶಬ್ರೀನಳ ನೋಟ್ಸು, ಅದೂ ಜೆರಾಕ್ಸಿನ ಜೆರಾಕ್ಸು:
ಬೆಂಜೀನಿನ ಒಂದು ಗೋಡೆ ಅಳಿಸಿಹೋಗಿ
ಬಾಗಿಲು ಹಾಕಲು ಮರೆತ ಮನೆಯಂತಿದೆ.
ಕ್ಯಾನಿಝಾರೊ, ಸ್ಯಾಂಡ್‌ಮೇಯರ್, ವುರ್ಟ್ಜ್ –
ಯಾರಪ್ಪಾ ಇವರೆಲ್ಲ, ಬೀದಿಯಲ್ಲಿ ಒಬ್ಬರಿಗೂ ನೆಂಟರಲ್ಲದವರು,
ತಲೆಗೆ ಎರಡೆರಡು ಮಾರ್ಕು ಹೊತ್ತು ಕೂತವರು.

ಜೂನಿನಿಂದ ಎಲ್ಲಿದ್ದೆ ಅಂತ ಕೇಳಬೇಡಿ.
ಕಿಟಕಿ ಪಕ್ಕದಲ್ಲೇ ಇದ್ದೆ.
ವೇದಾವತಿ ಮಿಸ್ಸು ಬೋರ್ಡಿನ ಮೇಲೆ
ಎಡದಿಂದ ಬಲಕ್ಕೆ ಬಾಣ ಹೂಡುತ್ತಿದ್ದರು, ನಾನು
ಮೆಟ್ರೊದ ನೇರಳೆ ಪಟ್ಟಿ ಎಣಿಸುತ್ತಿದ್ದೆ.

ಒಂದೂವರೆಗೆ ನೀರು ಬಂತು.
ಅಮ್ಮ ಕೂಗುವ ಮೊದಲೇ ನಾನೆದ್ದಿದ್ದು ಇದೇ ಮೊದಲು.
ಡ್ರಮ್ಮು ತುಂಬುವಷ್ಟು ಹೊತ್ತು ಫ್ಯಾರಡೆಯ ನಿಯಮ:
ಹರಿದಷ್ಟು ಕರೆಂಟು, ಕೂತಷ್ಟು ಲೋಹ,
ಹರಿದಷ್ಟು ಕರೆಂಟು, ಕೂತಷ್ಟು ಲೋಹ.
ನಲ್ಲಿ ನಿಂತಿತು.
ನಿಯಮವೂ.

ಎರಡಕ್ಕೆ ಅಪ್ಪ ಬಂದ, ಪಾಳಿ ಮುಗಿಸಿ.
ಚಪ್ಪಲಿ ಹೊರಗೆ, ಶರ್ಟು ಬಕೆಟ್ಟಿಗೆ,
ಬೆರಳ ಸಂದಿಯ ನಿಕ್ಕಲ್ ಕಜ್ಜಿಗೆ ಕೊಬ್ಬರಿ ಎಣ್ಣೆ.
ಉಗುರೊಳಗಿನ ಆ ಹಸಿರು ನನಗಿಂತ ಹಳೆಯದು.
ಎಣ್ಣೆ ಸವರುತ್ತಲೇ ಬಗ್ಗಿ ನನ್ನ ಹಾಳೆ ನೋಡಿದ:
ಒಂದು ತೊಟ್ಟಿ, ಎರಡು ಕಡ್ಡಿ, ಒಂದು ಬ್ಯಾಟರಿ.
‘ಇದು ನಮ್ಮ ವ್ಯಾಟಲ್ವೇನೇ?’

ನಗು ಬಂತು. ಆಮೇಲೆ ಬರಲಿಲ್ಲ.
ಆನೋಡು ಯಾವುದು, ಕ್ಯಾಥೋಡು ಯಾವುದು –
ವರ್ಷವಿಡೀ ನಾನು ಅದಲುಬದಲು ಮಾಡಿದ್ದು ಇದನ್ನೇ.
ಅಪ್ಪನ ಬಳಿ ಆ ಹೆಸರುಗಳಿಲ್ಲ.
‘ಇದು ಕರಗೋ ಕಡೆ, ಇದು ಹಿಡಿಯೋ ಕಡೆ, ಅಷ್ಟೇ.
ಪಟ್ಟಿ ಸವೀತಾ ಹೋಗತ್ತೆ, ಮಾಲು ಹೊಳೀತಾ ಬರತ್ತೆ.’
ಬೆರಳಿಟ್ಟು ತೋರಿಸಿದ.
ಹಾಳೆಯಲ್ಲಿ ಎರಡು ಎಣ್ಣೆ ಕಲೆ, ಆಚೆ ಬದಿಯ
ಅಕ್ಷರ ಕಾಣುವಷ್ಟು ತೆಳ್ಳಗೆ.

‘ಜಿಡ್ಡು ತೊಳೀದೆ ಅದ್ದಿದ್ರೆ ಹಿಡಿಯೋದೇ ಇಲ್ಲ ಮಗಾ.
ಅವಸರಕ್ಕೆ ಕರೆಂಟು ಏರಿಸಿದ್ಯೋ,
ಹೊಳೆಯೋದೇನೋ ಹೊಳೆಯತ್ತೆ,
ಮೂರೇ ದಿನ, ಸಿಪ್ಪೆ ಏಳತ್ತೆ.’
‘ಮೂರು ದಿನ ಯಾಕಪ್ಪ,’ ಅಂದೆ,
‘ನಾಳೆ ಮಧ್ಯಾಹ್ನ ಒಂದೂಕಾಲರ ತನಕ ಹಿಡಿದರೆ ಸಾಕು.’

ನಕ್ಕ. ಗೋಡೆ ಕಡೆ ತಿರುಗಿ ಮಲಗಿದ.
ನಾಲ್ಕೂವರೆಯ ತನಕ ನಾನು ಜಿಡ್ಡು ತೊಳೆದೆ.

ಬೆಳಿಗ್ಗೆ ಸೆಂಟರಿನ ಹೊಂಗೆ ಮರದಡಿ
ಇಡೀ ಊರಿನ ತುಟಿ ಅಲ್ಲಾಡುತ್ತಿತ್ತು, ಸದ್ದಿಲ್ಲದೆ.
ಶಬ್ರೀನ್ ಕಣ್ಣು ಮುಚ್ಚಿ ಆವರ್ತ ಕೋಷ್ಟಕದ
ಯಾವುದೋ ಮನೆಯಲ್ಲಿದ್ದಳು, ಮಾತಾಡಿಸಲಿಲ್ಲ.
ಕ್ಯಾನಿಝಾರೊ ಮತ್ತೆ ಕೈಕೊಟ್ಟ.

ಮುಖಕ್ಕೆ ನೀರು ಹಾಕಿಕೊಳ್ಳಲು ಹೋದೆ.
ಹೊಸ ನಲ್ಲಿ, ಹೊಸದೇ,
ತಿರುವುವ ಜಾಗದಲ್ಲಿ ನಿಕ್ಕಲ್ ಎದ್ದು
ಹಳದಿ ಹಿತ್ತಾಳೆ ಇಣುಕುತ್ತಿತ್ತು.
ಯಾರೋ ಕರೆಂಟು ಏರಿಸಿದ್ದಾರೆ.
ಅಪ್ಪ ಅಲ್ಲ.
ಅಪ್ಪ ಇರಲಾರ.
ಆ ಸಿಪ್ಪೆಯನ್ನು ಉಗುರಿನಿಂದ ಒತ್ತಿ ಕೂರಿಸಲು ನೋಡುತ್ತಿದ್ದೆ,
ಮೊದಲ ಬೆಲ್ಲು ಹೊಡೆಯಿತು.