ಇಪ್ಪತ್ತು ಗ್ರಾಂ ಬ್ಯಾಳಿ

ಕಲಬುರಗಿಯಾಗ ನಮ್ಮ ಮನಿ ಹಿಂದೇ ಬ್ಯಾಳಿ ಮಿಲ್ಲು.
ಹಗಲು ರಾತ್ರಿ ತೊಗರಿ ಒಡಿಯೋ ಸಪ್ಪಳ,
ಕಿಟಕಿ ಸಂದಿನಾಗ ಹಳದಿ ಧೂಳು.
ಈ ಊರಾಗ ಹುಟ್ಟಿ
ಬ್ಯಾಳಿ ತಿನ್ನಬಾರದ ಕೂಸು ನಮ್ಮದು.

ಅಕ್ಕಸಾಲಿ ಮಾನಪ್ಪ ತನ್ನ ಹಳೇ ತಕ್ಕಡಿ ಕೊಟ್ಟಿದ್ದ.
ಬಂಗಾರ ತೂಗಿದ ತಟ್ಟ್ಯಾಗ ನಾಕು ವರ್ಷ
ಅನ್ನ ತೂಗಿದೆ.
ಒಂದಗಳು ಹೆಚ್ಚಾದರ ತೆಗೆದು
ನನ್ನ ಬಾಯಿಗಿ ಹಾಕ್ಕೊಂಡೆ.
ನೀಲಗಂಗಾ ನೋಡತಿದ್ದಳು.

ಮೊದಲನೇದು ಹನ್ನೆರಡು ದಿನ ಇತ್ತು.
ತೊಟ್ಟಿಲದ ಅರಿಬಿಯಾಗ ಬೆಲ್ಲ ಸೀದ ವಾಸನಿ.
‘ಹೂರಣ ತಳ ಹತ್ತ್ಯಾದೇನು ನೋಡವ್ವಾ’ ಅಂದಳು ಅಜ್ಜಿ.
ಅಜ್ಜಿಯೇ ನನಗ ಅತ್ತಿ.
ಒಲಿ ಮ್ಯಾಲ ಏನೂ ಇರಲಿಲ್ಲ.

ಸಂಬಂಧ ಹರಿಬಾರದಂತ ಅವ್ವ
ತನ್ನ ತಮ್ಮಗೇ ಕೊಟ್ಟಳು ನನ್ನ.
ಡಾಕ್ಟರಮ್ಮ ಕಾಗದದ ಮ್ಯಾಲ ಎರಡು ಗೆರಿ ಎಳೆದು
ತುದಿಗಿ ಕೂಡಿಸಿ ತೋರಿಸಿದರು.
ಬೈಲಿಲ್ಲ. ಬೈದಿದ್ದರ ಹಗೂರ ಆಗತಿತ್ತು.

ಹೈದರಾಬಾದಿನಾಗ ನನ್ನ ಲಿವರಿನ ಒಂದು ಚೂರು ಕೊಯ್ದರು.
ಬಾಜೂ ಮಂಚದ ಮೆಹರಾಜಬಿ, ಚಿತ್ತಾಪುರದಾಕಿ, ಅಂದಳು:
‘ಮಕ್ಕಳಿಗಿ ನಾವು ಕಲೀಜೇ ಕಾ ಟುಕಡಾ ಅಂತೀವಿ, ಬಾಯಿಮಾತು.
ನೀ ಖರೇನೇ ಕೊಟ್ಟಿ.’
ನಗಬೇಕಂದೆ. ಹೊಲಿಗಿ ಎಳೀತು.

ಇವಳ ಹಳೇದು ಎಸೀಲಿಲ್ಲ ಅವರು.
ಬ್ಯಾರೆ ಯಾರದೋ ಹುಡುಗಗ ಹಾಕಿದರಂತ.
ಬ್ಯಾಳಿ ಅರಗಿಸೋ ಒಂದೇ ಒಂದು ಕೀಲಿ ಇಲ್ಲ ಅದರಾಗ,
ಉಳಿದದ್ದೆಲ್ಲ ನೆಟ್ಟಗ ಅದ.
ಆ ಕೀಲಿ ಅವನ ಮೈತುಂಬ ಅವ, ಸಾಕಾಗತದಂತ.
ಹೆಸರು ಹೇಳಲಿಲ್ಲ. ಊರೂ.
ಎಲ್ಲೋ ಒಬ್ಬ ಹುಡುಗ
ನನ್ನ ಮಗಳು ಉಣ್ಣದ್ದನ್ನೆಲ್ಲ ಉಣ್ಲಾಕತ್ತಾನ
ನನ್ನ ಮಗಳದೇ ಲಿವರ್ ಇಟಗೊಂಡು.
ಒಮ್ಮೊಮ್ಮೆ ನಡುರಾತ್ರಿ ಎದ್ದು
ಅವಗೂ ಹಸಿವ್ಯಾಗ್ಯಾದೇನೋ ಅಂತೀನಿ.

ಇವತ್ತು ಡಾಕ್ಟರು ಹೂಂ ಅಂದಾರ.
ಬ್ಯಾಳಿ ಕುದಿಸಿದೆ. ಉಪ್ಪು, ಅರಿಶಿಣ, ಒಂದೆಸಳು ಬಳ್ಳೊಳ್ಳಿ.
ತೂಗೋದು ಬ್ಯಾಡ ಅಂದಿದ್ದರು,
ಕೈ ತಾನೇ ತಕ್ಕಡಿಗಿ ಹೋತು.
ಇಪ್ಪತ್ತು ಗ್ರಾಂ. ಇಟ್ಟೆ, ತೆಗೆದೆ, ಮತ್ತ ಇಟ್ಟೆ.
ಮಾಮಾ ಬಾಗಲದಾಗೇ ನಿಂತಿದ್ದ
ಮೈಮ್ಯಾಲಿನ ಮಿಲ್ಲಿನ ಧೂಳು ಕೊಡವದೇ.
ಗಂಡ ಆದರೂ ನನ್ನ ಬಾಯಾಗ ಅವ ಮಾಮಾನೇ.
ದಿನಾ ನೂರು ಚೀಲ ಹೊರೋವ,
‘ಚಮಚ ನೀನೇ ಹಿಡಿ’ ಅಂದ.

ನೀಲಗಂಗಾ ಬಾಯಿ ತೆರೆದಳು.
ಒಂದು ಗಳಿಗಿ ಮಿಲ್ಲಿನ ಸಪ್ಪಳ ಸೈತ ಕೇಳಲಿಲ್ಲ.
ಥೂ ಅಂತ ಉಗುಳಿದಳು.
‘ಇಷ್ಟೇ ಏನು ಬ್ಯಾಳಿ ಅಂದರ?’

ಅಂಗಿ ಮ್ಯಾಲ ಬಿದ್ದದ್ದು ಬಳದು ನಾನೇ ತಿಂದೆ, ರೂಢಿ.
ಮಾಮಾ ಗ್ವಾಡಿಗಿ ಮುಖ ಮಾಡಿ ನಗಲಾಕತ್ತಿದ್ದ,
ಅಥವಾ ನಗು ಅಲ್ಲ.

ಎಂಟು ಹೊಡೀತು. ಗುಳಿಗಿ ಹೊತ್ತು.